ಹಳೆಯ ಹಿಟಾಚಿಯನ್ನು ತೋಟದ ಬಂಗಲೆ ಕೆಡವುವ ಕೆಲಸಕ್ಕೆ ಇಳಿಸಬಹುದೇ?

ಪ್ರಶ್ನೆ: ಸುಂಟಿಕೊಪ್ಪದ ಯಂತ್ರ ಮಾಲೀಕ

ಎಲ್ಲರಿಗೂ ನಮಸ್ಕಾರ. ತಂದೆಯವರ ಕಾಲದಿಂದ ಉಳಿದುಬಂದ, ಮಣ್ಣು ಅಗೆಯುವ ಎರಡು ಯಂತ್ರಗಳು ನನ್ನ ಬಳಿ ಇವೆ. ಒಂದು, 1996ರಲ್ಲಿ ಕೊಂಡ ಟೆಲ್ಕೋ ಹಿಟಾಚಿ ಇಎಕ್ಸ್ 200. ಇನ್ನೊಂದು, ಅದಕ್ಕೂ ಹಿಂದಿನ ಎಲ್ ಅಂಡ್ ಟಿ ಪೋಕ್ಲೇನ್ 90 ಸಿಕೆ. ಹಿಟಾಚಿ ಇಂದಿಗೂ ದುಡಿಯುತ್ತಿದೆ. ಪೋಕ್ಲೇನ್ ಮಾತ್ರ ಹಲಸಿನ ಮರದ ಪಕ್ಕದ ಶೆಡ್ಡಿನಲ್ಲಿ ಆರು ವರ್ಷಗಳಿಂದ ನಿಂತಿದ್ದು, ತಿಂಗಳಿಗೊಮ್ಮೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು ವಾಡಿಕೆಯಾಗಿದೆ. ಚೈನಿನ ಮೇಲೆ ಓಡುವ ಯಾವ ಯಂತ್ರ ಬಂದರೂ ನಮ್ಮ ಕಡೆಯ ಜನ ಹಿಟಾಚಿ ಎನ್ನುತ್ತಾರೆ, ಹಿರಿಯರಲ್ಲಿ ಕೆಲವರು ಅದನ್ನೇ ಪೋಕ್ಲೇನ್ ಎನ್ನುತ್ತಾರೆ. ನನ್ನ ಮನೆಯಂಗಳದಲ್ಲಿ ಮಾತ್ರ ಆ ಎರಡು ಹೆಸರುಗಳಿಗೂ ಒಂದೊಂದು ಯಂತ್ರವಿದೆ.

ಇದುವರೆಗೆ ನಾನು ಮಾಡಿಸಿರುವುದು ಬಹುಪಾಲು ಮಣ್ಣಿನ ಕೆಲಸ. ತೋಟದ ಕೆರೆಯ ಹೂಳು ತೆಗೆಯುವುದು, ತೋಟದೊಳಗಿನ ರಸ್ತೆ ಸರಿಪಡಿಸುವುದು, ಚರಂಡಿ ತೋಡುವುದು ಇತ್ಯಾದಿ. 2018ರ ಆಗಸ್ಟ್ ತಿಂಗಳ ಕೊಡಗಿನ ಭೂಕುಸಿತದ ನಂತರ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕತ್ತರಿಸುವ ಕೆಲಸವನ್ನು ಒಪ್ಪಿಕೊಳ್ಳುವುದನ್ನು ನಾನೇ ನಿಲ್ಲಿಸಿದೆ. ಈಗ ಪರಿಚಯದ ತೋಟದ ಮಾಲೀಕರೊಬ್ಬರು ತಮ್ಮ ಹಳೆಯ ಬಂಗಲೆ, ಅದರ ಪಕ್ಕದ ಪಲ್ಪರ್ ಹೌಸ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಟ್ಟಡ) ಮತ್ತು ಆಳುಗಳ ಒಂದು ಸಾಲು ಲೈನ್ ಮನೆಗಳನ್ನು ಕೆಡವಿ ಕೊಡುವಂತೆ ಕೇಳಿದ್ದಾರೆ. ಬಂಗಲೆ ಒಂದೇ ಅಂತಸ್ತಿನದು. ಗೋಡೆಗಳು ಒಂದೂವರೆ ಅಡಿ ದಪ್ಪದ ಕಲ್ಲಿನವು, ಗಾರೆಯ ಬದಲು ಮಣ್ಣಿನಲ್ಲಿ ಕಟ್ಟಿದವು. ಮಾಡಿಗೆ ಮಂಗಳೂರು ಹೆಂಚು. ಪಲ್ಪರ್ ಹೌಸಿಗೆ ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಶೀಟುಗಳಿವೆ. ಇಳಿಜಾರನ್ನು ಕಡಿದು ಸಮ ಮಾಡಿದ ಜಾಗದಲ್ಲಿ ಬಂಗಲೆಯನ್ನು ಕಟ್ಟಿರುವುದರಿಂದ ಹಿಂಗೋಡೆಗೂ ಬರೆಗೂ ನಡುವೆ ಮೂರಡಿಗಿಂತ ಹೆಚ್ಚು ಜಾಗವಿಲ್ಲ. ಹೆಂಚು, ಮರಮುಟ್ಟು ಮತ್ತು ಕೆತ್ತಿದ ಕಲ್ಲು ಹಾಳಾಗದೆ ಸಿಗಬೇಕೆಂಬುದು ಅವರ ಷರತ್ತು.

ಕಣದಲ್ಲಿ ಕಾಫಿ ಒಣಗುತ್ತಿರುವಾಗ ದೂಳೆಬ್ಬಿಸುವಂತಿಲ್ಲವಾದ್ದರಿಂದ ಕೆಲಸವು ಮಾರ್ಚ್ ತಿಂಗಳಿನಲ್ಲಿ ಆರಂಭವಾಗಿ, ಮಳೆಗಾಲಕ್ಕೆ ಬಹಳ ಮುಂಚೆಯೇ ಮುಗಿಯಬೇಕು. ಸುಮಾರು ಮೂವತ್ತು ವರ್ಷದ ಯಂತ್ರವನ್ನು ಈ ಕೆಲಸಕ್ಕೆ ಇಳಿಸುವುದು ಸರಿಯೇ? ಬಕೆಟಿನ ಬದಲು ಕಲ್ಲು ಒಡೆಯುವ ಬ್ರೇಕರ್ ಜೋಡಿಸಿಕೊಂಡರೆ ಅನುಕೂಲವೇ? ಪೋಕ್ಲೇನನ್ನು ರಿಪೇರಿ ಮಾಡಿಸಿ ಅದನ್ನೂ ಬಳಸುವ ಆಸೆ ನನಗಿದೆ. ಅದು ಬರಿಯ ಮೋಹವೇ ಎಂಬುದನ್ನೂ ಬಲ್ಲವರು ಹೇಳಬೇಕು.

ಉತ್ತರ: ಕುಶಾಲನಗರದ ಮೆಕ್ಯಾನಿಕ್

ಯಂತ್ರಕ್ಕೆ ಎಷ್ಟು ವರ್ಷವಾಯಿತು ಎನ್ನುವುದಕ್ಕಿಂತ ಅದು ಯಾವ ಬಗೆಯ ಪೆಟ್ಟು ತಿನ್ನಲಿದೆ ಎನ್ನುವುದು ಮುಖ್ಯ. ಮಣ್ಣು ತೋಡುವಾಗ ಬಲವು ಬಕೆಟ್, ಅದನ್ನು ಹಿಡಿದಿರುವ ಆರ್ಮ್ ಮತ್ತು ಬುಡದ ದೊಡ್ಡ ತೋಳಾದ ಬೂಮ್‌ಗಳ ಉದ್ದಕ್ಕೂ ನೇರವಾಗಿ ಹರಿಯುತ್ತದೆ. ಯಂತ್ರವನ್ನು ರೂಪಿಸಿರುವುದೇ ಅದಕ್ಕಾಗಿ. ಗೋಡೆ ಕೆಡವುವಾಗ ಆಪರೇಟರಿಗೆ ಬರುವ ಮೊದಲ ಯೋಚನೆಯೆಂದರೆ ಯಂತ್ರವನ್ನು ಗಿರ್ರನೆ ತಿರುಗಿಸಿ ಬಕೆಟಿನ ಪಕ್ಕದಿಂದ ಗೋಡೆಗೆ ಬಡಿಯುವುದು. ಆ ಒಂದು ಪೆಟ್ಟಿನಲ್ಲಿ ಬೂಮ್ ತಿರುಚುತ್ತದೆ, ಬುಡದ ಬೆಸುಗೆಗೆ ಎಳೆತ ಬೀಳುತ್ತದೆ, ಯಂತ್ರದ ಮೇಲ್ಭಾಗವನ್ನು ತಿರುಗಿಸುವ ಸ್ವಿಂಗ್ ಮೋಟಾರಿನ ಹಲ್ಲಿನ ಗಾಲಿಗೂ ದೊಡ್ಡ ಬೇರಿಂಗಿನ ಹಲ್ಲುಗಳಿಗೂ ಪೆಟ್ಟಾಗುತ್ತದೆ. ಹೊಸ ಯಂತ್ರವೇ ಇದನ್ನು ಬಹಳ ದಿನ ತಾಳುವುದಿಲ್ಲ. ನನ್ನಲ್ಲಿಗೆ ಬಂದ ಹಳೆಯ ಯಂತ್ರಗಳಲ್ಲಿ ಬೂಮ್ ಬಿರುಕು ಬಿಟ್ಟವುಗಳನ್ನು ವಿಚಾರಿಸಿದರೆ, ಹೆಚ್ಚಿನವು ಎಲ್ಲಾದರೂ ಒಂದು ಕಟ್ಟಡವನ್ನು ಪಕ್ಕದಿಂದ ಬಡಿದು ಬಂದವುಗಳೇ ಆಗಿರುತ್ತವೆ.

ಹಾಗಾಗಿ ಕೆಲಸ ಒಪ್ಪಿಕೊಳ್ಳುವ ಮುನ್ನ ಈ ಪರೀಕ್ಷೆಗಳನ್ನು ತಾವೇ ಮಾಡಿ ನೋಡಬಹುದು. ಬಕೆಟಿಗೆ ಮಣ್ಣು ತುಂಬಿ, ಬೂಮನ್ನು ಎತ್ತಿ ಹಿಡಿದು, ಎಂಜಿನ್ ನಿಲ್ಲಿಸಿ, ಸಿಲಿಂಡರ್ ರಾಡಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಐದು ನಿಮಿಷ ಬಿಡಿ. ರಾಡ್ ಕೆಲವೇ ಮಿಲಿಮೀಟರ್ ಜಾರಿದರೆ ಚಿಂತೆಯಿಲ್ಲ. ಕಣ್ಣಿಗೆ ಕಾಣುವಂತೆ ಇಳಿಯುತ್ತಿದ್ದರೆ ಸಿಲಿಂಡರಿನ ಸೀಲ್ ಕಿಟ್ (ಎಣ್ಣೆ ತಡೆಯುವ ಬಳೆಗಳು) ಸವೆದಿದೆ ಅಥವಾ ಕಂಟ್ರೋಲ್ ವಾಲ್ವಿನೊಳಗೆ ಎಣ್ಣೆ ನುಸುಳುತ್ತಿದೆ ಎಂದರ್ಥ. ಮಣ್ಣಿನ ಕೆಲಸದಲ್ಲಿ ಇದು ಒಂದು ಕಿರಿಕಿರಿ ಮಾತ್ರ. ತೊಲೆಯೊಂದನ್ನು ಎತ್ತಿ ಹಿಡಿದು ಕೆಳಗೆ ಜನ ಹಗ್ಗ ಬಿಗಿಯುತ್ತಿರುವ ಕೆಲಸದಲ್ಲಿ ಅದೇ ಪ್ರಾಣಾಪಾಯ. ಅನಂತರ ಬಕೆಟನ್ನು ನೆಲಕ್ಕೆ ಒತ್ತಿ ಚೈನಿನ ಮುಂಭಾಗ ತುಸು ಮೇಲೇಳುವಂತೆ ಮಾಡಿ, ಸ್ವಿಂಗ್ ಬೇರಿಂಗಿನ ಬಳಿ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸಂದು ಎಷ್ಟು ಬದಲಾಗುತ್ತದೆಂದು ಅಳೆಯಿರಿ. ಬೂಮಿನ ಬುಡವನ್ನು ಎಣ್ಣೆ, ಜಿಡ್ಡು ಉಳಿಯದಂತೆ ತೊಳೆದು ಒಣಗಿಸಿ, ಬಿರುಕು ಪತ್ತೆ ಹಚ್ಚುವ ಕೆಂಪು ದ್ರವ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ ಬಿಳಿಯ ಡೆವಲಪರ್ ಸಿಂಪಡಿಸಿದರೆ, ಕೂದಲೆಳೆಯ ಬಿರುಕು ಇದ್ದರೂ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ವೆಲ್ಡಿಂಗ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಆ ಡಬ್ಬಿಗಳು ಸಿಗುತ್ತವೆ.

ಹೋಸ್‌ಗಳ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಅವುಗಳೊಳಗೆ ಹರಿಯುವ ಎಣ್ಣೆಯ ಒತ್ತಡ 300 ಬಾರ್‌ಗೂ ಮೀರುತ್ತದೆ. ಹೊರಪದರ ಬಿರಿದು ತಂತಿ ಕಾಣುತ್ತಿರುವ ಬೂಮ್ ಹೋಸ್‌ಗಳನ್ನು ಕೆಲಸಕ್ಕೆ ಮೊದಲೇ ಬದಲಾಯಿಸಿ. ಸಣ್ಣ ರಂಧ್ರದಿಂದ ಎಣ್ಣೆ ಚಿಮ್ಮುತ್ತಿದೆಯೇ ಎಂದು ಬರಿಗೈಯಲ್ಲಿ ಎಂದಿಗೂ ತಡವಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೊಕ್ಕರೆ ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ಆದರೆ ಕೈಯನ್ನೇ ಕಳೆದುಕೊಳ್ಳುವ ಸಂಭವವಿದೆ. ಕೆಲವು ಇಎಕ್ಸ್ 200ಗಳಲ್ಲಿ ಪಂಪನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಮತ್ತು ಸೆನ್ಸರ್‌ಗಳಿವೆ. ತಮ್ಮ ಯಂತ್ರದಲ್ಲಿಯೂ ಇದ್ದರೆ ಆ ವೈರುಗಳ ಕನೆಕ್ಟರುಗಳನ್ನು ಬಿಚ್ಚಿ ಶುಚಿ ಮಾಡಿಸಿ. ಕೊಡಗಿನ ಮಳೆಗಾಲದ ತೇವಕ್ಕೆ ಅವು ಹಸಿರು ಹಿಡಿದು ಯಂತ್ರ ಕಾರಣವಿಲ್ಲದೆ ನಿಧಾನವಾದಂತೆ ತೋರುತ್ತದೆ. ಪಂಪ್ ಕೆಟ್ಟಿದೆ ಎಂದು ಲಕ್ಷಾಂತರ ಖರ್ಚು ಮಾಡಿದ ಮೇಲೆ ದೋಷ ಒಂದು ಕನೆಕ್ಟರಿನಲ್ಲಿತ್ತೆಂದು ತಿಳಿದ ಮಾಲೀಕರೂ ಇದ್ದಾರೆ.

ಬ್ರೇಕರ್ ಬೇಡವೆಂಬುದು ನನ್ನ ಅಭಿಪ್ರಾಯ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗೆ ಅದರ ಅಗತ್ಯವೇ ಇಲ್ಲ, ಬಕೆಟಿನ ಹಲ್ಲುಗಳಿಂದ ಎಳೆದರೆ ಕಲ್ಲುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಬ್ರೇಕರಿನಲ್ಲಿಯೇ ಪೂರ್ತಿ ದುಡಿಯುವ ಯಂತ್ರಕ್ಕೆ ಹೈಡ್ರಾಲಿಕ್ ಎಣ್ಣೆಯನ್ನು ಸುಮಾರು 600 ಗಂಟೆಗೊಮ್ಮೆ, ಫಿಲ್ಟರನ್ನು 100 ಗಂಟೆಗೊಮ್ಮೆ ಬದಲಾಯಿಸಬೇಕೆಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಲೆಕ್ಕ. ಮಣ್ಣಿನ ಕೆಲಸಕ್ಕಿಂತ ಎಣ್ಣೆ ಎಷ್ಟು ಬೇಗ ಹಾಳಾಗುತ್ತದೆಂದು ಇದರಿಂದಲೇ ತಿಳಿಯುತ್ತದೆ. ಇದಲ್ಲದೆ ಅದಕ್ಕೆ ಪ್ರತ್ಯೇಕ ಪೈಪ್‌ಲೈನ್ ಹಾಕಿಸಬೇಕು, ಮರಳುವ ಎಣ್ಣೆ ಫಿಲ್ಟರ್ ಮೂಲಕ ನೇರವಾಗಿ ಟ್ಯಾಂಕಿಗೆ ಬೀಳುವಂತೆ ಮಾಡಬೇಕು. ಹಳೆಯ ಪಂಪಿಗೆ ಅಷ್ಟು ಹಿಂಸೆ ಏಕೆ? ಕಾಂಕ್ರೀಟಿನ ಲಿಂಟಲ್ ಅಥವಾ ಪಲ್ಪರ್ ಹೌಸಿನ ಯಂತ್ರದ ಕಟ್ಟೆ ಸಿಕ್ಕರೆ ಕಂಪ್ರೆಸರ್ ತರಿಸಿ ಕೈಬ್ರೇಕರಿನಿಂದ ಒಡೆಸಿಕೊಳ್ಳಿ.

ಇನ್ನು ಪೋಕ್ಲೇನ್. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಲೀವರ್ ಎಳೆದಷ್ಟು ಎಣ್ಣೆ ಹರಿಯುತ್ತದೆ. ಮೆಕ್ಯಾನಿಕ್ ಆದ ನನಗೆ ಅದರ ಮೇಲೆ ಇರುವ ಪ್ರೀತಿ ತಮಗಿರುವುದಕ್ಕಿಂತ ಕಡಿಮೆಯೇನಲ್ಲ. ಆದರೆ ಬಿಡಿಭಾಗಗಳು ಸಿಗುವುದು ಗುಜರಿಗೆ ಹೋದ ಇತರ ಯಂತ್ರಗಳಿಂದ, ಇಲ್ಲವೇ ಲೇತ್ ಮೆಷೀನಿನಲ್ಲಿ ಮಾಡಿಸಿಕೊಳ್ಳುವುದರಿಂದ. ದಿನ ಎಣಿಸಿ ಮುಗಿಸಬೇಕಾದ ಕೆಲಸಕ್ಕೆ ಅದನ್ನು ನಂಬಬಾರದು. ಮಾರುವ ಅಥವಾ ಇಟ್ಟುಕೊಳ್ಳುವ ತೀರ್ಮಾನ ಏನೇ ಇರಲಿ, ಮೂಲ ಇನ್‌ವಾಯ್ಸನ್ನು ಜೋಪಾನವಾಗಿಡಿ. ಚೈನ್ ಯಂತ್ರಗಳಿಗೆ ಆರ್.ಸಿ. ಪುಸ್ತಕ ಇಲ್ಲದಿರುವುದರಿಂದ ಒಡೆತನಕ್ಕೆ ಆ ಕಾಗದವೇ ಆಧಾರ.

ಉತ್ತರ: ಗೋಣಿಕೊಪ್ಪಲಿನ ಗುತ್ತಿಗೆದಾರ

ನಾನು ಭಿನ್ನವಾಗಿ ಹೇಳಬೇಕಾಗಿದೆ, ಬೇಸರಿಸಬೇಡಿ. ಕೆಲಸದ ನಡುವೆ ಯಂತ್ರ ಒಂದು ದಿನ ನಿಂತರೆ ಆಳುಗಳ ಕೂಲಿ, ಟಿಪ್ಪರುಗಳ ಬಾಡಿಗೆ ಮತ್ತು ಮಾಲೀಕರ ಅಸಮಾಧಾನ ಎಲ್ಲವೂ ತಮ್ಮ ತಲೆಯ ಮೇಲೆಯೇ. ಐದಾರು ವರ್ಷದ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದು ಕೆಡವುವ ಭಾಗವನ್ನಷ್ಟೇ ಅದರಿಂದ ಮುಗಿಸಿ, ಕಲ್ಲು ಜೋಡಿಸುವುದಕ್ಕೂ ಲೋಡ್ ಮಾಡುವುದಕ್ಕೂ ತಮ್ಮ ಹಿಟಾಚಿಯನ್ನು ಬಳಸಿ. ಹಳೆಯ ಯಂತ್ರಕ್ಕೆ ವಿಮೆ ಮಾಡಿಸುವುದೂ ಸುಲಭವಲ್ಲ. ಆಳುಗಳಿಗೆ ಅಪಘಾತ ಪರಿಹಾರದ ವಿಮೆಯನ್ನಂತೂ ಕಡ್ಡಾಯವಾಗಿ ಮಾಡಿಸಿಯೇ ಕೆಲಸ ಆರಂಭಿಸಿ. ತಂದೆಯವರ ಯಂತ್ರವೆಂಬ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಅಭಿಮಾನವನ್ನು ಬಿಲ್ಲಿನಲ್ಲಿ ಬರೆಯಲು ಆಗುವುದಿಲ್ಲ.

ಉತ್ತರ: ಶನಿವಾರಸಂತೆಯ ಆಪರೇಟರ್

ನಾನು ಇಪ್ಪತ್ತೆರಡು ವರ್ಷಗಳಿಂದ ಲೀವರ್ ಹಿಡಿದವನು. ಗುತ್ತಿಗೆದಾರ ಅಣ್ಣನವರ ಲೆಕ್ಕ ಸರಿಯೇ ಇರಬಹುದು, ಆದರೆ ಹೆಂಚು, ಮರ, ಕಲ್ಲು ಉಳಿಯಬೇಕೆಂಬ ಷರತ್ತು ಇರುವಲ್ಲಿ ಯಂತ್ರದ ವೇಗದಿಂದ ಯಾವ ಪ್ರಯೋಜನವೂ ಇಲ್ಲ. ಹೆಂಚನ್ನು ಕೈಯಿಂದಲೇ ಇಳಿಸಬೇಕು. ರೀಪು, ಪಕಾಸು, ತೊಲೆಗಳನ್ನು ಬಡಗಿಗಳೇ ಬಿಚ್ಚಬೇಕು. ಬಾಗಿಲು, ಕಿಟಕಿಗಳ ದಾರಂದ ತೆಗೆಯುವ ತನಕ ಯಂತ್ರ ಅಂಗಳಕ್ಕೂ ಬರಬೇಕಾಗಿಲ್ಲ. ಯಂತ್ರಕ್ಕೆ ಉಳಿಯುವುದು ಬರಿಯ ಗೋಡೆ. ಅದನ್ನು ಮೇಲಿನಿಂದ ಎರಡೆರಡು ವರಸೆ ಕಲ್ಲುಗಳಂತೆ ಒಳಗಡೆಗೆ ಎಳೆದು ಬೀಳಿಸುತ್ತ ಬಂದರೆ ಮೂವತ್ತು ವರ್ಷದ ಯಂತ್ರವೂ ಸಾಕು. ಬುಡವನ್ನು ಕೊರೆದು ಗೋಡೆಯನ್ನು ಒಮ್ಮೆಗೇ ಕೆಡವುವವರನ್ನು ನೋಡಿದ್ದೇನೆ. ಅದು ಯಾವ ಕಡೆಗೆ ಬೀಳಬೇಕೆಂದು ಗೋಡೆಯೇ ತೀರ್ಮಾನಿಸುತ್ತದೆ.

ನನಗಾದ ಒಂದು ಅನುಭವ ಹೇಳುತ್ತೇನೆ. ಸೋಮವಾರಪೇಟೆ ಕಡೆಯ ತೋಟವೊಂದರಲ್ಲಿ ರೈಟರ (ತೋಟದ ಗುಮಾಸ್ತರ) ಹಳೆಯ ಮನೆಯನ್ನು ಕೆಡವುತ್ತಿದ್ದೆವು. ಬಚ್ಚಲಿನ ಹಿಂದೆ ನೆಲ ಗಟ್ಟಿಯಾಗಿಯೇ ಕಾಣುತ್ತಿತ್ತು, ಮೇಲೆ ಹುಲ್ಲು ಬೆಳೆದಿತ್ತು. ಕಲ್ಲಿನ ರಾಶಿಯನ್ನು ಬಳಸಿ ಆಚೆ ಹೋಗೋಣವೆಂದು ಯಂತ್ರವನ್ನು ಆ ಕಡೆ ತಂದಾಗ ಬಲಗಡೆಯ ಚೈನ್ ಇದ್ದಕ್ಕಿದ್ದಂತೆ ಕುಸಿದು ಯಂತ್ರ ವಾಲಿತು. ಚಪ್ಪಡಿ ಹಾಸಿ ಮಣ್ಣು ಮುಚ್ಚಿದ್ದ ಹಳೆಯ ಕಕ್ಕಸಿನ ಗುಂಡಿ ಅದು. ಬಕೆಟನ್ನು ನೆಲಕ್ಕೂರಿ ವಾಲುವುದನ್ನು ತಡೆದೆನಾದ್ದರಿಂದ ಉರುಳಲಿಲ್ಲ. ಹೊರಗೆ ತರಲು ಎರಡು ದಿನ ಬೇಕಾಯಿತು. ಆ ಮನೆಯಲ್ಲಿ ಹುಟ್ಟಿ ಬೆಳೆದ ಮುದುಕಿಯೊಬ್ಬರು ಅಲ್ಲಿಯೇ ಲೈನ್ ಮನೆಯಲ್ಲಿದ್ದರು. ಮೊದಲೇ ಅವರನ್ನು ಕೇಳಿದ್ದರೆ ಗುಂಡಿ ಎಲ್ಲಿದೆಯೆಂದು ಕೋಲಿನಿಂದ ತೋರಿಸುತ್ತಿದ್ದರು. ಹಳೆಯ ಬಾವಿ, ಗುಂಡಿ, ನೆಲದಡಿಯ ನೀರಿನ ತೊಟ್ಟಿ ಇವುಗಳ ಬಗ್ಗೆ ತೋಟದ ಹಳೆಯ ಆಳುಗಳನ್ನು ವಿಚಾರಿಸಿ, ಕಬ್ಬಿಣದ ಹಾರೆಯಿಂದ ಚುಚ್ಚಿ ನೋಡಿಸಿ, ಸುಣ್ಣದ ಗುರುತು ಹಾಕಿಸಿ.

ಹಳೆಯ ಕ್ಯಾಬಿನ್‌ಗಳಿಗೆ ಮೇಲಿನಿಂದ ಬೀಳುವ ಕಲ್ಲನ್ನು ತಡೆಯುವ ಶಕ್ತಿಯಿಲ್ಲ. ಮುಂದಿನ ಗಾಜಿಗೂ ಮೇಲ್ಛಾವಣಿಗೂ ಗಟ್ಟಿಯಾದ ಕಬ್ಬಿಣದ ಜಾಲರಿ ಹಾಕಿಸಿ. ಗೋಡೆಯ ಎತ್ತರದ ಅರ್ಧಕ್ಕಿಂತ ಹತ್ತಿರ ಯಂತ್ರವನ್ನು ಒಯ್ಯಬೇಡಿ. ಈ ಯಂತ್ರದ ಕೈ ಮೇಲಕ್ಕೆ ಸುಮಾರು 9 ಮೀಟರ್ ಮುಟ್ಟುತ್ತದೆ, ಒಂದಂತಸ್ತಿನ ಗೋಡೆಗೆ ದೂರದಿಂದಲೇ ಧಾರಾಳವಾಗಿ ನಿಲುಕುತ್ತದೆ. ಚೈನಿನ ಮೋಟಾರ್ ಇರುವ ಬದಿ ಯಾವಾಗಲೂ ಹಿಂದೆ ಇರಲಿ, ಬೀಳುವ ಕಲ್ಲು ಅದಕ್ಕೆ ತಾಗುವುದಿಲ್ಲ, ತುರ್ತಾಗಿ ಹಿಂದೆ ಸರಿಯುವಾಗ ಲೀವರ್ ಗೊಂದಲವೂ ಆಗುವುದಿಲ್ಲ. ಹಳೆಯ ಮಣ್ಣುಗೋಡೆಯ ದೂಳು ಬಹಳ ನುಣುಪು; ಹೆಲ್ಪರ್ ಒಬ್ಬ ಪೈಪ್ ಹಿಡಿದು ಗೋಡೆಗೆ ನೀರು ಹಾಯಿಸುತ್ತಿರಲಿ, ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ರೇಡಿಯೇಟರನ್ನೂ ಏರ್ ಕ್ಲೀನರನ್ನೂ ಊದಿ ಶುಚಿ ಮಾಡಲಿ.

ಉತ್ತರ: ಮಡಿಕೇರಿಯ ಸಿವಿಲ್ ಎಂಜಿನಿಯರ್

ಮೇಲಿನವರೆಲ್ಲರೂ ಯಂತ್ರದ ಬಗ್ಗೆ ಬರೆದಿದ್ದಾರೆ. ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಹಿಂಗೋಡೆಗೂ ಬರೆಗೂ ನಡುವಿನ ಆ ಮೂರಡಿ.

ಇಂತಹ ಬಂಗಲೆಗಳಲ್ಲಿ ವರ್ಷಗಳು ಕಳೆದಂತೆ ಬರೆಯ ಮಣ್ಣು ಜರಿದು ಆ ಸಂದನ್ನು ತುಂಬಿಕೊಳ್ಳುತ್ತದೆ. ಮಾಡಿಗಷ್ಟೇ ಆಸರೆಯಾಗಬೇಕಿದ್ದ ಗೋಡೆಯು ತಿಳಿಯದಂತೆ ತಡೆಗೋಡೆಯ ಕೆಲಸ ಮಾಡಲಾರಂಭಿಸುತ್ತದೆ. ಅದಕ್ಕೆ ಅಡ್ಡಲಾಗಿ ಬಂದು ಸೇರುವ ಒಳಗೋಡೆಗಳು ಊರೆಗೋಲಿನಂತೆ ಅದನ್ನು ಆನಿಸಿಕೊಂಡಿರುತ್ತವೆ. ಈಗ ಒಳಗೋಡೆಗಳನ್ನು ಮೊದಲು ಕೆಡವಿದರೆ ಹಿಂಗೋಡೆ ಅಂದೇ ಬೀಳದೆ ಇರಬಹುದು. ಮೊದಲ ಜೋರು ಮಳೆಗೆ ಬರೆಯೊಂದಿಗೆ ಕೆಳಗೆ ಬರುತ್ತದೆ. ಆದ್ದರಿಂದ ಆ ಸಂದಿನ ಗಿಡಗಂಟಿಗಳನ್ನು ಸವರಿಸಿ ಮಣ್ಣು ಎಷ್ಟು ಎತ್ತರಕ್ಕೆ ತುಂಬಿದೆ ಎಂದು ನೋಡಿ, ಒಳಬದಿಯಲ್ಲಿ ತೇವದ ಗುರುತು ಎಲ್ಲಿಯವರೆಗೆ ಏರಿದೆ ಎಂದೂ ನೋಡಿ. ಮಣ್ಣು ತುಂಬಿರುವಷ್ಟು ಎತ್ತರದ ಹಿಂಗೋಡೆಯನ್ನು ಹಾಗೆಯೇ ಬಿಟ್ಟು, ಅದಕ್ಕೆ ಆನಿಸಿದ ಒಳಗೋಡೆಗಳ ತುಂಡುಗಳನ್ನೂ ಐದಾರು ಅಡಿ ಉದ್ದಕ್ಕೆ ಉಳಿಸಿಕೊಳ್ಳಿ. ಅದರ ಮೇಲಿನ ಭಾಗವನ್ನು ಯಂತ್ರದಿಂದಲ್ಲ, ಕೈಯಿಂದ ಬಿಚ್ಚಿಸಿ. ಬರೆಯ ನೆತ್ತಿಯ ಮೇಲೆ ಯಂತ್ರವನ್ನು ನಿಲ್ಲಿಸಿ ಕೆಳಕ್ಕೆ ಕೈ ಚಾಚುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ಸುಮಾರು ಇಪ್ಪತ್ತು ಟನ್ ಭಾರವನ್ನು ಆ ಅಂಚು ಹೊರಬೇಕಾಗುತ್ತದೆ. ಬ್ರೇಕರ್ ಬೇಡವೆಂಬ ಮಾತಿಗೆ ನನ್ನದೂ ಸಹಮತವಿದೆ, ನನ್ನ ಕಾರಣ ಪಂಪಲ್ಲ, ಬರೆಯವರೆಗೂ ತಲುಪುವ ಅದರುವಿಕೆ.

ಕೆಡವುವ ಕೆಲಸದ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 4130 ಎಂಬ ಸಂಹಿತೆ ಇದೆ. ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿಯುವುದರಿಂದ ಹಿಡಿದು ಮೇಲಿನಿಂದ ಕೆಳಕ್ಕೆ ಕೆಡವುತ್ತ ಬರುವ ಕ್ರಮದವರೆಗೆ ಅದರಲ್ಲಿದೆ, ಒಮ್ಮೆ ಓದಿಕೊಳ್ಳಿ. ಕಲ್ನಾರಿನ ಶೀಟುಗಳಿಗೆ ಬಕೆಟ್ ತಾಗಿಸಲೇಬಾರದು. ಅವುಗಳನ್ನು ನೀರಿನಲ್ಲಿ ನೆನೆಸಿ, ಕೊಕ್ಕೆ ಬೋಲ್ಟುಗಳನ್ನು ಬಿಚ್ಚಿ, ಮುರಿಯದಂತೆ ಇಡಿಯಾಗಿ ಇಳಿಸಬೇಕು. ಒಡೆದಾಗ ಹಾರುವ ಎಳೆಗಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತವೆ, ರೋಗ ತೋರುವುದು ದಶಕಗಳ ನಂತರ.

ಅವಶೇಷದ ಲೆಕ್ಕವನ್ನೂ ಈಗಲೇ ಮಾಡಿಕೊಳ್ಳಿ. ಗೋಡೆಗಳ ಒಟ್ಟು ಉದ್ದ 100 ಮೀಟರ್, ಎತ್ತರ 4 ಮೀಟರ್, ದಪ್ಪ 0.45 ಮೀಟರ್ ಎಂದುಕೊಂಡರೆ 180 ಘನ ಮೀಟರ್ ಆಯಿತು. ಘನ ಮೀಟರಿಗೆ ಎರಡು ಟನ್ ಹಿಡಿದರೂ 360 ಟನ್. ಕಟ್ಟಡ ಅವಶೇಷಗಳ ಬಗ್ಗೆ 2016ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಿಂದ ತಿಂಗಳಿಗೆ 300 ಟನ್ ಮೀರಿದರೆ ವಿಂಗಡಿಸಿ, ವಿಲೇವಾರಿ ಯೋಜನೆಯನ್ನು ಸ್ಥಳೀಯ ಸಂಸ್ಥೆಗೆ ಸಲ್ಲಿಸಬೇಕೆಂದಿತ್ತು. ಈಗ ಜಾರಿಯಲ್ಲಿರುವ ಕ್ರಮವನ್ನು ಪಂಚಾಯಿತಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕಲ್ಲನ್ನು ಅಲ್ಲಿಯೇ ಬಳಸಿದಷ್ಟೂ ಹೊರೆ ಕಡಿಮೆ: ಬರೆಯ ಬುಡಕ್ಕೆ ತಂತಿಬಲೆಯಲ್ಲಿ ಕಲ್ಲು ತುಂಬಿ ತಡೆ ಕಟ್ಟಿಸಿದರೆ ಉಳಿಸಿದ ಹಿಂಗೋಡೆಗೂ ಬಲ ಬರುತ್ತದೆ. ಏನೇ ಆದರೂ ಮಣ್ಣನ್ನು ತೋಡಿಗೆ (ಹಳ್ಳಕ್ಕೆ) ತಳ್ಳಬೇಡಿ. ಮರಮುಟ್ಟುಗಳಲ್ಲಿ ಬೀಟೆ ಅಥವಾ ತೇಗ ಇದ್ದರೆ, ಹಳೆಯದೇ ಆದರೂ, ತೋಟದಿಂದ ಹೊರಗೆ ಸಾಗಿಸುವ ಮುನ್ನ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಹೇಳಿದ ಪರೀಕ್ಷೆಗಳನ್ನು ಈ ವಾರ ಮಾಡಿಸಿದೆ. ಬೂಮಿನ ಬುಡದಲ್ಲಿ ಬಿರುಕಿಲ್ಲ. ಬೂಮ್ ಮಾತ್ರ ಐದು ನಿಮಿಷದಲ್ಲಿ ಕಣ್ಣೆದುರಿಗೇ ಇಳಿಯಿತು. ಸೀಲ್ ಕಿಟ್ ತರಿಸಲು ಹೇಳಿದ್ದೇನೆ, ಹಾಗೆಯೇ ನಾಲ್ಕು ಹೋಸ್‌ಗಳನ್ನೂ ಬದಲಾಯಿಸುತ್ತಿದ್ದೇನೆ. ಬಂಗಲೆಯ ಹಿಂದಿನ ಸಂದನ್ನು ಸವರಿಸಿ ನೋಡಿದಾಗ ಮಣ್ಣು ಕಿಟಕಿಯ ಕೆಳಅಂಚಿನವರೆಗೂ ತುಂಬಿತ್ತು, ಎಂಜಿನಿಯರ್ ಅವರು ನೋಡದೆಯೇ ಹೇಳಿದ ಹಾಗೆ. ಹಿಂಗೋಡೆಯ ಕೆಳಭಾಗವನ್ನು ಉಳಿಸಲು ತೋಟದ ಮಾಲೀಕರು ಮೊದಲು ಒಪ್ಪಲಿಲ್ಲ, ಹೊಸ ಮನೆಗೆ ಜಾಗ ಕಡಿಮೆಯಾಗುತ್ತದೆ ಎಂದರು. ಮನೆಯ ನಕ್ಷೆಯನ್ನು ಎಂಟಡಿ ಮುಂದಕ್ಕೆ ತರುವುದೆಂದು ಕೊನೆಗೆ ತೀರ್ಮಾನವಾಯಿತು. ಬ್ರೇಕರ್ ಬಿಟ್ಟೆ. ಬಾಡಿಗೆಯ ಯಂತ್ರವನ್ನು ಲೈನ್ ಮನೆಗಳಿಗೆ ಮಾತ್ರ ತರಿಸುತ್ತೇನೆ, ಅಲ್ಲಿ ಉಳಿಸಿಕೊಳ್ಳುವಂತಹದು ಏನೂ ಇಲ್ಲ.

ಗುಂಡಿಗಳ ಬಗ್ಗೆ ತೋಟದ ಹಳೆಯ ಆಳೊಬ್ಬರನ್ನು ಕೇಳಿದೆ. ಅವರು ಮೂರು ಕಡೆ ತೋರಿಸಿದರು. ಹಾರೆ ಹಾಕಿ ನೋಡಿದರೆ ಎರಡು ಗುಂಡಿಗಳು ಹೇಳಿದಲ್ಲಿಯೇ ಸಿಕ್ಕಿವೆ, ಮೂರನೆಯದು ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಯಂತ್ರವನ್ನು ಟ್ರೈಲರಿಗೆ ಹತ್ತಿಸುವುದಿಲ್ಲ.